ತಗಡುತಲೆಗೆ ನೀರು ಕೊಟ್ಟವಳು

ಮಾರ್ಲಾ ಸವಿಟ್ಸ್ಕಿಯ ಕೆಲಸ ಜನರ ಮುಖವನ್ನು ಒಂದು ಗೇಣು ದೂರದಿಂದ ನೋಡುವುದು. ಅಮೆರಿಕದ ಈರಿ ಪಟ್ಟಣದ ಒಂದು ಕನ್ನಡಕದ ಅಂಗಡಿಯಲ್ಲಿ ಅವಳು ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದಿದ್ದಾಳೆ. ಫ್ರೇಮು ಕಿವಿಯ ಹಿಂದೆ ಒತ್ತುತ್ತಿದೆಯೇ, ಮೂಗಿನಿಂದ ಜಾರುತ್ತಿದೆಯೇ ಎಂದು ನೋಡಿ, ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಬಗ್ಗಿಸಿ, ಮತ್ತೆ ಮುಖಕ್ಕೇರಿಸುತ್ತಾಳೆ. ಆ ಹೊತ್ತಿನಲ್ಲಿ ಎದುರಿಗೆ ಕುಳಿತವರಿಗೆ ನೋಡಲು ಬೇರೇನೂ ಇರುವುದಿಲ್ಲ. ಅವರೂ ಅವಳ ಮುಖವನ್ನೇ ನೋಡುತ್ತಾರೆ. ಕೆಲವರ ಹುಬ್ಬು ಗಂಟಾಗುತ್ತದೆ.

“ನಿಮ್ಮನ್ನ ಎಲ್ಲೋ ನೋಡಿದೀನಲ್ಲ?”

“ಚರ್ಚಿನ ಮೀನೂಟದಲ್ಲಿ ಇರ್ಬೇಕು,” ಎನ್ನುತ್ತಾಳೆ ಮಾರ್ಲಾ.

ಈ ಉತ್ತರವನ್ನು ನಮ್ಮೂರಿನಲ್ಲಿ ಯಾರೂ ಅಲ್ಲಗಳೆಯಲಾರರು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಶುಕ್ರವಾರ ಸಂಜೆಯಾದರೆ ಅರ್ಧ ಊರು ಯಾವುದಾದರೊಂದು ಚರ್ಚಿನ ನೆಲಮಾಳಿಗೆಯಲ್ಲಿ ಕರಿದ ಮೀನಿಗಾಗಿ ಸಾಲು ನಿಂತಿರುತ್ತದೆ. ಅಲ್ಲಿ ಎಲ್ಲರೂ ಎಲ್ಲರನ್ನೂ ನೋಡಿರುತ್ತಾರೆ.

ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ ಆ ಉತ್ತರ ಸಾಲಲಿಲ್ಲ. ಎದುರಿಗೆ ಕುಳಿತಿದ್ದವಳ ಹೆಸರು ಇಮಾನಿ ಕ್ರೆನ್‌ಶಾ. ಮೂವತ್ತು ತುಂಬಿರದ ಹುಡುಗಿ, ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ನರ್ಸು. ಕನ್ನಡಕದ ಕಡ್ಡಿ ಸಡಿಲವಾಗಿದೆ ಎಂದು ಹೇಳಿಕೊಂಡು ಬಂದಿದ್ದಳು. ಅಷ್ಟಕ್ಕಾಗಿ ಯಾರೂ ಕ್ಲೀವ್‌ಲ್ಯಾಂಡಿನಿಂದ ಹಿಮದಲ್ಲಿ ಕಾರು ಓಡಿಸಿಕೊಂಡು ಬರುವುದಿಲ್ಲ ಎಂಬುದು ಮಾರ್ಲಾಗೆ ತಡವಾಗಿ ಹೊಳೆಯಿತು.

“ಮೀನೂಟಕ್ಕೆ ನಾನು ಬಂದೇ ಇಲ್ಲ,” ಎಂದಳು ಇಮಾನಿ. “ನಿಮ್ಮನ್ನ ನೋಡಿದ್ದು ‘ಸ್ಯಾಪ್ ರನ್’ ಐದನೇ ಭಾಗದಲ್ಲಿ. ಎಷ್ಟು ಸಲ ನೋಡಿದೀನಿ ಅಂತ ನನಗೇ ಲೆಕ್ಕ ಇಲ್ಲ.”

ಮಾರ್ಲಾಳ ಕೈಯಲ್ಲಿದ್ದ ಕಡ್ಡಿ ಬಿಸಿಗಾಳಿಯ ಮುಂದೆ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು. ಮೆತ್ತಗಾಗಿ ಜೋತುಬಿತ್ತು.

“ಬೇರೆ ಕಡ್ಡಿ ಹಾಕಿಕೊಡ್ತೀನಿ. ನನ್ನದೇ ತಪ್ಪು.”

“ಕಡ್ಡಿ ಬಿಡಿ, ಮಿಸ್ ಸವಿಟ್ಸ್ಕಿ. ಮಾರ್ಚಲ್ಲಿ ನಮ್ಮ ಅಭಿಮಾನಿಗಳ ಸಮಾವೇಶ ಇದೆ, ಇದೇ ಊರಲ್ಲಿ. ಐದನೇದನ್ನ ಪೂರ್ತಿ ತೋರಿಸ್ತಾ ಇದೀವಿ. ನೀವು ಬರಲೇಬೇಕು. ಸಿನಿಮಾ ಮುಗಿದ ಮೇಲೆ ವೇದಿಕೆಯಲ್ಲಿ ಒಂದೆರಡು ಪ್ರಶ್ನೆ, ಅಷ್ಟೇ.”

“ಏನು ಪ್ರಶ್ನೆ?”

ಇಮಾನಿಗೆ ಆಶ್ಚರ್ಯವಾಯಿತು. “ಇರೋದು ಒಂದೇ ಅಲ್ವಾ? ಅವನಿಗೆ ಯಾಕೆ ನೀರು ಕೊಟ್ರಿ ಅಂತ.”

ನಮ್ಮ ಕಡೆ ಮಾರ್ಚ್ ತಿಂಗಳಲ್ಲಿ ಹಗಲು ಹಿಮ ಕರಗಿ, ಇರುಳು ಮತ್ತೆ ಹೆಪ್ಪುಗಟ್ಟುತ್ತದೆ. ಮೇಪಲ್ ಮರದಿಂದ ರಸ ಇಳಿಯುವುದು ಆಗಲೇ. ಈಚಲಿಗೆ ಮಡಕೆ ಕಟ್ಟಿದಂತೆ, ಮರಕ್ಕೆ ಬೈರಿಗೆಯಿಂದ ತೂತು ಕೊರೆದು, ಕೊಳವೆ ಬಡಿದು, ಅದಕ್ಕೊಂದು ತಗಡಿನ ಬಕೆಟ್ಟು ತೂಗುಹಾಕುತ್ತಾರೆ. ಎಂಬತ್ತರ ದಶಕದ ಆರಂಭದಲ್ಲಿ ಯಾರೋ ಅಂಥ ಬಕೆಟ್ಟಿಗೆ ಎರಡು ಸೀಳು ಕೊರೆದು, ಒಬ್ಬ ದಾಂಡಿಗನ ತಲೆಗೆ ಕವುಚಿ, ಕೈಗೆ ಬೈರಿಗೆ ಕೊಟ್ಟು ಒಂದು ಸಿನಿಮಾ ತೆಗೆದರು. ‘ಸ್ಯಾಪ್ ರನ್’, ಅಂದರೆ ರಸ ಇಳಿಯುವ ಕಾಲ, ಎಂದು ಅದರ ಹೆಸರು. ತೋಪಿನೊಳಗೆ ಬಂದ ಹುಡುಗ ಹುಡುಗಿಯರನ್ನು ಅವನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಸಿನಿಮಾದಲ್ಲಿ ಅವನಿಗೆ ಹೆಸರಿಲ್ಲ. ಅಭಿಮಾನಿಗಳು ತಗಡುತಲೆ ಎಂದು ಕರೆದರು. ಒಂದಾದ ಮೇಲೊಂದರಂತೆ ಏಳು ಭಾಗ ಬಂದವು. ಮೊದಲ ಮೂರನ್ನು ಎಲ್ಲರೂ ಒಪ್ಪುತ್ತಾರೆ. ನಾಲ್ಕನೆಯದನ್ನು ಬೇಸಿಗೆಯಲ್ಲಿ ಸೋಪಿನ ನೊರೆಯನ್ನೇ ಹಿಮ ಮಾಡಿ ತೆಗೆದಿದ್ದರು. ಆರನೆಯದರಲ್ಲಿ ತಗಡುತಲೆ ಬರುವುದೇ ಕೊನೆಯಲ್ಲಿ. ಏಳನೆಯದರ ಮಾತು ಬಂದರೆ ಇಂದಿಗೂ ಸ್ನೇಹಿತರು ಮುನಿಸಿಕೊಳ್ಳುತ್ತಾರೆ. ಆದರೆ ಇವೆಲ್ಲಕ್ಕಿಂತ ಹೆಚ್ಚು ಬೈಗುಳ ತಿಂದದ್ದು ಐದನೆಯದು. ಅದರಲ್ಲಿ ಕೊನೆಗೆ ಬದುಕುಳಿಯುವ ಹುಡುಗಿ ಇಪ್ಪತ್ತನಾಲ್ಕರ ಮಾರ್ಲಾ.

ಕೊನೆಯ ದೃಶ್ಯ ನಡೆಯುವುದು ರಸ ಕಾಯಿಸುವ ಮನೆಯಲ್ಲಿ, ಮರದ ಗೋಡೆಯ ಒಂದು ಬಗೆಯ ಆಲೆಮನೆಯಲ್ಲಿ. ಕೊಪ್ಪರಿಗೆ ಕುದಿಯುತ್ತಿದೆ, ಹಬೆ ತುಂಬಿದೆ. ತಗಡುತಲೆ ಬೈರಿಗೆ ಎತ್ತಿ ನಿಂತಿದ್ದಾನೆ. ಹುಡುಗಿಯ ಕೈಯಲ್ಲಿ ಸುತ್ತಿಗೆ ಇದೆ. ಬರೆದ ಕಥೆಯ ಪ್ರಕಾರ ಅವಳು ಹೊಡೆಯಬೇಕು, ಅವನು ಕೊಪ್ಪರಿಗೆಗೆ ಬೀಳಬೇಕು. ಅವಳು ಸುತ್ತಿಗೆ ಇಳಿಸಿ, “ನೀರು ಬೇಕಾ?” ಎಂದು ಕೇಳುತ್ತಾಳೆ. ಅವನು ಹೌದೆಂದು ತಲೆಯಾಡಿಸುತ್ತಾನೆ. ಅವಳು ಮೂಲೆಯ ಪೀಪಾಯಿಯಿಂದ ಸೌಟಿನಲ್ಲಿ ನೀರು ಮೊಗೆದು ಕೊಡುತ್ತಾಳೆ. ಅವನು ಬಕೆಟ್ಟನ್ನು ಒಂದಿಷ್ಟು ಮೇಲೆತ್ತಿ ಕುಡಿಯುತ್ತಾನೆ. ಕೆಂಚು ಗಡ್ಡದ ಒಂದು ಸಾದಾ ಗಲ್ಲ ಕಾಣುತ್ತದೆ. ಆಮೇಲೆ ಅವನು ಸ್ಟೂಲಿನ ಮೇಲೆ ಕೂರುತ್ತಾನೆ. ಪೊಲೀಸರ ಸೈರನ್ ಕೇಳುತ್ತದೆ. ಮುಗಿಯಿತು.

ನಾಲ್ಕು ಸಿನಿಮಾಗಳ ಭಯ ಸ್ಟೂಲಿನ ಮೇಲೆ ಕೂತು ನೀರು ಕುಡಿಯಿತೆಂದು ಅಭಿಮಾನಿಗಳು ರೊಚ್ಚಿಗೆದ್ದರು. ಬಿಡುಗಡೆಯ ದಿನ ಈರಿಯ ಟಾಕೀಸಿನಲ್ಲಿ ಮಾರ್ಲಾಳ ಪಕ್ಕದಲ್ಲಿ ಅವಳ ತಾಯಿ ಕುಳಿತಿದ್ದರು, ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು. “ನೀರು ಬೇಕಾ?” ಎಂಬ ಮಾತಿಗೆ ಇಡೀ ಟಾಕೀಸು ನಕ್ಕಿತು. ತಾಯಿ ಸುತ್ತ ನೋಡಿ, ನಗಬೇಕೆಂದು ತಿಳಿದು ತಾವೂ ನಕ್ಕರು. ಮಾರ್ಲಾ ಅದನ್ನು ಮರೆತಿಲ್ಲ.

ನಿರ್ದೇಶಕ ಪತ್ರಿಕೆಯೊಂದಕ್ಕೆ, ಹುಡುಗಿ ಮಾತು ಮರೆತಳು, ಇನ್ನೊಂದು ಸಲ ತೆಗೆಯಲು ನಮ್ಮ ಬಳಿ ಫಿಲ್ಮ್ ಇರಲಿಲ್ಲ ಎಂದು ಹೇಳಿದ. ಮಾರ್ಲಾ ಅಲ್ಲಗಳೆಯಲಿಲ್ಲ. ಅಭಿಮಾನಿಗಳ ಕೂಟಗಳಲ್ಲಿ ಒಂದು ಪದ್ಧತಿ ಬೆಳೆಯಿತು. ಐದನೆಯದನ್ನು ತೋರಿಸುವಾಗ ಪ್ರತಿಯೊಬ್ಬರೂ ನೀರು ತುಂಬಿದ ಕಾಗದದ ಕಪ್ಪು ಹಿಡಿದು ಕೂರುವುದು, ಆ ಮಾತು ಬಂದ ಕ್ಷಣ ಎಲ್ಲರೂ ಒಟ್ಟಿಗೆ “ನೀರು ಬೇಕಾ?” ಎಂದು ಅರಚಿ ಪರದೆಗೆ ಎಸೆಯುವುದು. ಅದು ಕೂಟದಿಂದ ಹೊರಗೂ ಬಂತು. ಮಾರ್ಲಾಳ ಮದುವೆಯ ಔತಣದಲ್ಲಿ ಗಂಡನ ಗೆಳೆಯನೊಬ್ಬ ಗ್ಲಾಸು ಎತ್ತಿ ಅದೇ ಮಾತು ಹೇಳಿದ. ಊರಿನ ನಾಟಕ ಮಂಡಳಿಯಲ್ಲಿ ಅವಳು ಸಾಯುತ್ತಿರುವ ಗಂಡನ ಹಾಸಿಗೆಯ ಪಕ್ಕ ಕೂತ ಹೆಂಡತಿಯ ಪಾತ್ರ ಮಾಡುತ್ತಿದ್ದಾಗ, ಹೂಜಿಯಿಂದ ನೀರು ಬಗ್ಗಿಸುವ ಸನ್ನಿವೇಶದಲ್ಲಿ ಹಿಂದಿನ ಸಾಲಿನಿಂದ ಅದೇ ಕೂಗು ಬಂತು. ಸಭೆ ನಕ್ಕಿತು. ಸಾಯುತ್ತಿದ್ದ ಗಂಡನೂ ಹಾಸಿಗೆಯಲ್ಲಿ ನಕ್ಕ. ಅವಳು ನಾಟಕ ಮುಗಿಸಿದಳು. ಅಂದಿನಿಂದ ವೇದಿಕೆ ಹತ್ತಿಲ್ಲ.

“ಹೋಗ್ತೀಯೋ ಇಲ್ವೋ, ಒಂದು ಹೇಳು,” ಎಂದಳು ಅಕ್ಕ ಡಾಟ್, ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಪಿಯೆರೋಗಿ ಎಂಬ ಪೋಲಿಷ್ ಕಡುಬಿಗೆ ಹಿಟ್ಟು ಲಟ್ಟಿಸುತ್ತ. ಗಂಡನನ್ನು ಕಳೆದುಕೊಂಡ ಮೇಲೆ ಮಾರ್ಲಾ ಭಾನುವಾರಗಳನ್ನು ಅಕ್ಕನ ಮನೆಯಲ್ಲೇ ಕಳೆಯುತ್ತಾಳೆ.

“ಆ ಹುಡುಗಿ ಈಗ ಎಲ್ಲರಿಗೂ ಐದನೇದು ಇಷ್ಟ ಅಂತಾಳೆ. ಅದು ಕರುಣೆ ಬಗ್ಗೆ ಇರೋ ಸಿನಿಮಾ ಅಂತೆ. ಕೊಲ್ಲೋದನ್ನ ನಿಲ್ಲಿಸೋದು ಹೇಗೆ ಅಂತ ಏಳು ಭಾಗದಲ್ಲಿ ಅದೊಂದೇ ಯೋಚನೆ ಮಾಡಿದ್ದಂತೆ. ದೊಡ್ಡದೊಂದು ಲೇಖನ ಬರೆದಿದ್ದಾಳೆ.”

“ಸರಿ, ಇಷ್ಟಪಡಲಿ ಬಿಡು.”

“ಮೂವತ್ತೈದು ವರ್ಷ ಉಗಿದವರು ಇದ್ದಕ್ಕಿದ್ದ ಹಾಗೆ ಇಷ್ಟಪಡ್ತಾರಾ, ಡಾಟ್? ಕರೆಸಿ, ಮುಂದಿನ ಸಾಲಲ್ಲಿ ಕೂರಿಸಿ, ತಲೆ ಮೇಲೆ ನೀರು ಎಸೆದು, ವಿಡಿಯೊ ಮಾಡಿದ್ರೆ?”

“ಎಸೆದ್ರೆ ಒದ್ದೆ ಆಗ್ತೀಯ. ಸಕ್ಕರೆ ಗೊಂಬೆ ಅಲ್ವಲ್ಲ, ಕರಗೋದಕ್ಕೆ.”

“ನಿನಗೆ ಎಲ್ಲಾ ಸುಲಭ.”

“ನನಗೆ ಸುಲಭ ಅಲ್ಲ ಕಣೇ. ಇಷ್ಟು ವರ್ಷ ಇದೇ ಪುರಾಣ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ. ಯಾಕೆ ಕೊಟ್ಟೆ ಅಂತ ಕೇಳಿದ್ರೆ ಉತ್ತರ ಹೇಳಿ ಬಾ.”

ಉತ್ತರ ಮಾರ್ಲಾಳ ಬಳಿ ಇತ್ತು. ಡಾಟ್‌ಗೂ ಹೇಳಿರಲಿಲ್ಲ. ಬಕೆಟ್ಟಿನೊಳಗೆ ಇದ್ದವನು ವರ್ನ್ ಟ್ಯಾಕೆಟ್ ಎಂಬ ಸ್ಟಂಟ್ ಕಲಾವಿದ. ಕೊಪ್ಪರಿಗೆ ನಿಜವಾಗಿಯೇ ಕುದಿಯುತ್ತಿತ್ತು. ಅವನು ಉಣ್ಣೆಯ ಕೋಟಿನಲ್ಲಿ, ತಗಡಿನೊಳಗೆ ಬೆಳಗಿನಿಂದ ನಿಂತಿದ್ದ. ಸುತ್ತಿಗೆ ಎತ್ತಿದ ಮಾರ್ಲಾಗೆ ಸೀಳಿನೊಳಗಿನ ಕಣ್ಣು ಕಂಡಿತು. ರೆಪ್ಪೆಗಳು ಇಳಿಯುತ್ತಿದ್ದವು. ಮೈ ಒಂದು ಕಡೆಗೆ ವಾಲುತ್ತಿತ್ತು. ಹಿಂದೆ ಕುದಿಯುವ ಪಾಕ. ಕ್ಯಾಮರಾ ಓಡುತ್ತಿದೆ ಎಂಬುದು ಅವಳ ತಲೆಯಿಂದ ಹೋಗಿತ್ತು. ಎದುರಿಗೆ ಬೀಳುತ್ತಿದ್ದ ಮನುಷ್ಯನನ್ನು ನೀರು ಬೇಕಾ ಎಂದು ಕೇಳಿದಳು, ಅಷ್ಟೇ. ಅವತ್ತು ಸಂಜೆ ವರ್ನ್ ಅವಳ ಕೈ ಹಿಡಿದು, “ಯಾರಿಗೂ ಹೇಳ್ಬೇಡ. ತಲೆ ತಿರುಗಿ ಬೀಳೋ ಸ್ಟಂಟ್‌ನವನಿಗೆ ಇನ್ನೊಂದು ಸಲ ಯಾರೂ ಕೆಲಸ ಕೊಡಲ್ಲ,” ಎಂದಿದ್ದ. ಅವನಿಗೆ ಮೂರು ಚಿಕ್ಕ ಮಕ್ಕಳಿದ್ದವು. ಅವಳು ಮಾತು ಕೊಟ್ಟಳು.

ಇಮಾನಿಗೆ ಬರುತ್ತೇನೆ ಎಂದು ಹೇಳಿದ್ದು ಯಾವ ಧೈರ್ಯದಲ್ಲೋ ಅವಳಿಗೇ ತಿಳಿಯದು. ಆ ಎರಡು ವಾರ ಅಂಗಡಿಯಲ್ಲಿ ಅವಳ ಗಮನ ಕೆಲಸದ ಮೇಲಿರಲಿಲ್ಲ. ಒಬ್ಬ ಶಾಲಾ ಮೇಷ್ಟ್ರ ಕನ್ನಡಕದ ಅಳತೆ ತಪ್ಪಿತು. ಅವರು ಮೆಟ್ಟಿಲು ಇಳಿಯುವಾಗ ನೆಲ ಹತ್ತಿರ ಬಂದ ಹಾಗಾಗುತ್ತದೆ ಎಂದು ವಾಪಸು ತಂದರು. ಬಸ್ಸಿನಲ್ಲಿ ಯಾರಾದರೂ ನೀರಿನ ಬಾಟಲಿ ತೆರೆದರೆ ಅವಳು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು.

ಸಮಾವೇಶ ನಡೆದದ್ದು ಪೀಚ್ ಸ್ಟ್ರೀಟಿನ ಕಡೆಯ ಒಂದು ಹೊಟೇಲಿನಲ್ಲಿ, ಶನಿವಾರ ಮಧ್ಯಾಹ್ನ. ಈರಿ ಸರೋವರದ ಕಡೆಯಿಂದ ಹಿಮ ಅಡ್ಡಡ್ಡ ಬೀಸುತ್ತಿತ್ತು. ಡಾಟ್ ಕಾರು ಓಡಿಸಿದಳು. ಮಾರ್ಲಾ ಹಸಿರು ಸ್ವೆಟರ್ ಹಾಕಿದ್ದಳು, ಒದ್ದೆಯಾದರೂ ಒಳಗಿನದು ಕಾಣಬಾರದೆಂದು ದಪ್ಪನೆಯದು.

ಹೊಟೇಲಿನ ಮೊಗಸಾಲೆ ತುಂಬ ತಗಡುತಲೆಗಳು. ಒಬ್ಬ ಬಕೆಟ್ಟಿನ ಸೀಳಿನಿಂದಲೇ ಕೊಳವೆ ಹಾಕಿ ಕಾಫಿ ಹೀರುತ್ತಿದ್ದ. ಒಬ್ಬ ತಾಯಿ ತೊಟ್ಟಿಲ ಗಾಡಿಯ ಮಗುವಿಗೂ ಪುಟ್ಟ ಬಕೆಟ್ಟು ತೊಡಿಸಿದ್ದಳು. ಗೋಡೆಯ ಪಕ್ಕ ಇಬ್ಬರು ನಾಲ್ಕನೆಯದರ ಸೋಪಿನ ಹಿಮ ಬೇಕೆಂದೇ ಮಾಡಿದ್ದೋ ಅಲ್ಲವೋ ಎಂದು ಮೂಗಿಗೆ ಮೂಗು ತಾಗಿಸಿ ವಾದಿಸುತ್ತಿದ್ದರು.

“ಬೇಕು ಅಂತ ಯಾವನಯ್ಯಾ ಸೋಪು ಹಾಕ್ತಾನೆ?”

“ಅದೇ ನಿನಗೆ ಅರ್ಥ ಆಗಲ್ಲ. ಅದು ಹಿಮದ ಕನಸು!”

“ಕನಸಲ್ಲಿ ಗುಳ್ಳೆ ಏಳುತ್ತಾ?”

ಮಾರ್ಲಾ ಇವರನ್ನು ದಾಟಿ ಸಭಾಂಗಣದ ಬಾಗಿಲಿಗೆ ಬಂದಳು. ಒಳಗೆ ಪರದೆ ಕಟ್ಟಿತ್ತು. ಸ್ವಯಂಸೇವಕರು ಸಾಲು ಸಾಲಾಗಿ ಕುರ್ಚಿಗಳ ನಡುವೆ ನಡೆಯುತ್ತಿದ್ದರು. ಪ್ರತಿ ಕುರ್ಚಿಯ ಮೇಲೂ ಒಂದೊಂದು ಬಿಳಿ ಕಾಗದದ ಕಪ್ಪು ಇಡುತ್ತಿದ್ದರು. ಅವರ ಹಿಂದೆ ಬಿಳಿ ಮೀಸೆಯ ಒಬ್ಬ ಮುದುಕ ದೊಡ್ಡ ಡಬ್ಬಿಗಳ ಗಾಡಿ ತಳ್ಳಿಕೊಂಡು ಬಂದು ಕಪ್ಪುಗಳಿಗೆ ನೀರು ತುಂಬುತ್ತಿದ್ದ.

ಅವಳು ತಿರುಗಿ ಹೊರಗೆ ನಡೆದಳು. ಡಾಟ್ ಎರಡು ಸಲ ಕೂಗಿದಳು. ಕಾರಿನ ಬಾಗಿಲು ಹಾಕಿತ್ತು, ಕೀಲಿ ಡಾಟ್‌ಳ ಬಳಿ ಇತ್ತು. ಹಿಮದಲ್ಲೇ ನಿಂತು ಮಾರ್ಲಾ ಫೋನು ತೆಗೆದಳು. ವರ್ನ್‌ಗೆ ಈಗ ಎಂಬತ್ತರ ಹತ್ತಿರ. ಆಷ್ಟಬ್ಯುಲಾ ಎಂಬ ಊರಿನ ಒಂದು ವೃದ್ಧಾಶ್ರಮದಲ್ಲಿ ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು ಇದ್ದಾನೆ. ವರ್ಷಕ್ಕೊಂದು ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ಅವರ ನಡುವೆ ಮಾತಿಲ್ಲ.

“ವರ್ನ್, ನಾನು ಮಾರ್ಲಾ. ಒಂದು ಕೇಳ್ಬೇಕು. ಆ ನೀರಿನ ವಿಷಯ.”

“ಯಾವ ನೀರು?”

“ಯಾವ ನೀರಾ? ನಾನು ನಿನಗೆ ಕೊಟ್ಟ ನೀರು! ಇವರು ನನ್ನ ವೇದಿಕೆ ಮೇಲೆ ನಿಲ್ಲಿಸಿ ಕೇಳ್ತಾರೆ. ಎಲ್ಲಾ ಕುರ್ಚಿ ಮೇಲೂ ನೀರಿನ ಕಪ್ಪು ಇದೆ. ನಿಜ ಹೇಳಿಬಿಡಲಾ? ನಿನಗೆ ಮಾತು ಕೊಟ್ಟಿದ್ದೆ.”

ಆ ಕಡೆ ಯಂತ್ರದ ಉಸಿರು ಕೇಳಿಸಿತು. ಆಮೇಲೆ ನಗು, ಕೆಮ್ಮು, ಮತ್ತೆ ನಗು.

“ಹೇಳು ಮಾರಾಯ್ತಿ. ನನ್ನನ್ನ ಈಗ ಯಾರು ಕೆಲಸಕ್ಕೆ ಕರೀತಾರೆ? ನಾನಂತೂ ಎಲ್ಲಾ ಬಾರಲ್ಲೂ ಹೇಳಿದೀನಿ.”

“ಏನು ಹೇಳಿದೀಯ?”

“ತಲೆ ತಿರುಗಿ ಬೀಳ್ತಿದ್ದೆ, ಆ ಹುಡುಗಿ ನೀರು ಕೊಟ್ಟು ಉಳಿಸಿದ್ಲು ಅಂತ. ತೊಂಬತ್ತೈದನೇ ಇಸವೀಲಿ ಸೊಂಟ ಮುರಿದು ಕೆಲಸ ಬಿಟ್ನಲ್ಲ, ಅವತ್ತಿಂದ ಹೇಳ್ತಾನೇ ಇದೀನಿ. ಒಬ್ಬ ನನ್ಮಗನೂ ನಂಬಲಿಲ್ಲ. ನೀನೆಲ್ಲಿ ತಗಡುತಲೆ, ಕುಳ್ಳ, ಅಂತಾರೆ.”

“ಮೂವತ್ತೈದು ವರ್ಷ ಬಾಯಿ ಹೊಲ್ಕೊಂಡು ಕೂತಿದೀನಿ, ವರ್ನ್! ನನ್ನ ಗಂಡನಿಗೂ ಹೇಳಲಿಲ್ಲ!”

“ಅಯ್ಯೋ,” ಎಂದ ವರ್ನ್. ನಗು ನಿಂತಿತು. “ಕಾರ್ಡಲ್ಲಿ ಒಂದು ಸಾಲು ಬರೀಬಹುದಿತ್ತು ಅಲ್ವಾ ನಾನು? ಹೊಳೀಲೇ ಇಲ್ಲ ನೋಡು.”

ಫೋನು ಇಟ್ಟಾಗ ಅವಳಿಗೆ ಸಿಟ್ಟು ಬಂದಿತ್ತು. ಸಿಟ್ಟಿನ ಅಡಿಯಲ್ಲಿ ಹೆದರಿಕೆ ಹಾಗೆಯೇ ಇತ್ತು. ಅಷ್ಟರಲ್ಲಿ ಇಮಾನಿ ಕೋಟು ಕೂಡ ಇಲ್ಲದೆ ಹಿಮದಲ್ಲಿ ಓಡಿ ಬಂದಳು. ಹಿಂದೆ ಡಾಟ್.

“ಮಿಸ್ ಸವಿಟ್ಸ್ಕಿ, ಏನಾಯ್ತು?”

“ಕಪ್ಪುಗಳು.”

“ಯಾಕೆ, ಕಡಿಮೆ ಬಿದ್ವಾ?”

ಮಾರ್ಲಾ ಅವಳನ್ನೇ ನೋಡಿದಳು. “ಎಸೆಯೋದಿದ್ರೆ ಮೊದಲೇ ಹೇಳ್ಬಹುದಿತ್ತು. ನಾನು ಬರ್ತಾ ಇರಲಿಲ್ಲ.”

ಇಮಾನಿಯ ಬಾಯಿ ತೆರೆದೇ ಉಳಿಯಿತು. “ಎಸೆಯೋದಾ? ಅಯ್ಯೋ, ದೇವರೇ. ಈಗ ಯಾರೂ ಎಸೆಯಲ್ಲ. ಕುಡೀತೀವಿ! ಅವನು ಕುಡಿಯುವಾಗ ಎಲ್ಲರೂ ಜೊತೆಗೆ ಕುಡೀತೀವಿ. ಸುಮಾರು ವರ್ಷ ಆಯ್ತು ಬದಲಾಗಿ. ನಿಮಗೆ ಯಾರೂ ಹೇಳಲಿಲ್ವಾ?”

“ಯಾರು ಹೇಳ್ಬೇಕಿತ್ತು?”

“ಇದು ಎಲ್ಲರಿಗೂ ಗೊತ್ತಲ್ವಾ, ಅದಕ್ಕೆ…” ಇಮಾನಿ ನಿಲ್ಲಿಸಿದಳು. ಇಡೀ ವರ್ಷ ಇದೊಂದೇ ಸಿನಿಮಾದ ಬಗ್ಗೆ ಮಾತಾಡುವವರಿಗೆ, ಅದರಲ್ಲಿ ನಟಿಸಿದವಳು ಆ ಮಾತುಕತೆಯಲ್ಲಿ ಇಲ್ಲವೇ ಇಲ್ಲ ಎಂಬುದು ನೆನಪಾಗಿರಲಿಲ್ಲ. “ನಾನು ಎಂಥಾ ದಡ್ಡಿ,” ಎಂದಳು.

“ಹೂಂ, ಸ್ವಲ್ಪ,” ಎಂದಳು ಡಾಟ್. “ಈಗ ಒಳಗೆ ನಡೀರಿ, ನನ್ನ ಕಿವಿ ಉದುರಿ ಹೋಗ್ತಾ ಇದೆ.”

ಮಾರ್ಲಾ ಕದಲಲಿಲ್ಲ. “ಎಲ್ಲರೂ ಕುಡೀತಾರಾ? ಒಬ್ಬರೂ ಬಿಡದೆ?”

ಇಮಾನಿ ಸುಳ್ಳು ಹೇಳುವವಳಲ್ಲ. “ಬಹಳಷ್ಟು ಜನ. ಲೆನ್ ಬ್ರುಬೇಕರ್ ಅಂತ ಒಬ್ಬರಿದ್ದಾರೆ. ಎಸೆಯೋದನ್ನ ಶುರು ಮಾಡಿದ್ದೇ ಅವರು. ಈ ವರ್ಷ ಕಪ್ಪು ತುಂಬೋ ಕೆಲಸ ಅವರೇ ಕೇಳಿ ತಗೊಂಡ್ರು. ಯಾಕೆ ಅಂತ ಹೇಳಲಿಲ್ಲ. ಅವರ ಪರವಾಗಿ ನಾನು ಮಾತು ಕೊಡಲಾರೆ.”

ಗಾಡಿ ತಳ್ಳುತ್ತಿದ್ದ ಬಿಳಿ ಮೀಸೆಯವನೇ ಲೆನ್. ರೈಲು ಎಂಜಿನ್ನಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಮಾರ್ಲಾ ಮುಂದಿನ ಸಾಲಿನಲ್ಲಿ ಬೇಡವೆಂದು ಪಕ್ಕದ ಗೋಡೆಯ ಬಳಿ ಕುಳಿತಳು, ತಿರುಗಿದರೆ ಕೊನೆಯ ಸಾಲು ಕಾಣುವ ಹಾಗೆ. ಲೆನ್ ಅಲ್ಲಿ ಕಾಲು ಚಾಚಿ ಕೂತಿದ್ದ. ಎರಡೂ ಕೈಯಲ್ಲಿ ಒಂದೊಂದು ಕಪ್ಪು.

“ಎರಡು ಇಟ್ಕೊಂಡಿದ್ದಾನೆ,” ಎಂದಳು ಮಾರ್ಲಾ.

“ಬಾಯಾರಿಕೆ ಇರ್ಬೇಕು. ಮುಂದೆ ನೋಡು,” ಎಂದಳು ಡಾಟ್.

ಸಿನಿಮಾ ಶುರುವಾಯಿತು. ಪರದೆಯ ಮೇಲೆ ಅವಳಿಗೆ ಇಪ್ಪತ್ತನಾಲ್ಕು, ಕೂದಲು ಗುಂಗುರು. ಪೊಲೀಸ್ ಶೆರಿಫನ ಟೋಪಿ ಗಾಳಿಗೆ ಹಾರಿ ಜೊತೆಗೆ ಅವನ ಕೃತಕ ಕೂದಲೂ ಏಳುವ ಜಾಗದಲ್ಲಿ ಸಭೆ ಗೊಳ್ಳೆಂದು ನಕ್ಕಿತು. ಮಾರ್ಲಾ ಕುರ್ಚಿಯಿಂದ ಅರ್ಧ ಎದ್ದಳು. ಅದು ತನ್ನ ಮೇಲಿನ ನಗುವಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತೋಪಿನ ಕೊಲೆಗಳು ಬಂದವು, ಜನ ಚಪ್ಪಾಳೆ ತಟ್ಟಿದರು. ಅವಳು ಪರದೆ ನೋಡಿದ್ದಕ್ಕಿಂತ ಕೊನೆಯ ಸಾಲು ನೋಡಿದ್ದೇ ಹೆಚ್ಚು. ಲೆನ್ ಅಲುಗಿರಲಿಲ್ಲ.

ಕೊಪ್ಪರಿಗೆಯ ಹಬೆ ಪರದೆ ತುಂಬಿತು. ಬೈರಿಗೆ ಮೇಲೆದ್ದಿತು. ಸುತ್ತಿಗೆ ಎದ್ದಿತು. ಮಾರ್ಲಾ ಡಾಟ್‌ಳ ತೋಳು ಹಿಡಿದಳು. ಹುಡುಗಿ ಸುತ್ತಿಗೆ ಇಳಿಸಿದಳು.

“ನೀರು ಬೇಕಾ?”

ಯಾರೂ ಅರಚಲಿಲ್ಲ. ತಗಡುತಲೆ ಬಕೆಟ್ಟು ಮೇಲೆತ್ತಿದ. ಅವಳ ಸುತ್ತ ಇನ್ನೂರು ಮುನ್ನೂರು ಜನ ಕಪ್ಪು ಬಾಯಿಗಿಟ್ಟರು. ಅಷ್ಟು ಗಂಟಲುಗಳು ಒಟ್ಟಿಗೆ ನುಂಗುವ ಸದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಕತ್ತಲೆಯಲ್ಲಿ ದನಗಳು ನೀರಿನ ತೊಟ್ಟಿಗೆ ಬಾಯಿಟ್ಟ ಹಾಗಿತ್ತು. ಅವಳು ತಿರುಗಿ ನೋಡಿದಳು. ಲೆನ್ ಒಂದು ಕಪ್ಪು ಕುಡಿದು ಮುಗಿಸಿದ್ದ. ಇನ್ನೊಂದು ಅವನ ಮಂಡಿಯ ಮೇಲೆ ತುಂಬಿಯೇ ಇತ್ತು. ಅವನ ಕಣ್ಣು ಪರದೆಯ ಮೇಲಿತ್ತು. ಸೈರನ್ ಕೇಳುವ ತನಕ ಅವಳು ಆ ಕಪ್ಪನ್ನೇ ಕಾದಳು. ಅದು ಎಲ್ಲಿಗೂ ಹಾರಲಿಲ್ಲ.

ದೀಪ ಹತ್ತಿತು. ವೇದಿಕೆಯ ಮೇಲೆ ಎರಡು ಕುರ್ಚಿ. ಇಮಾನಿ ತನ್ನ ಲೇಖನದಿಂದ ಒಂದಷ್ಟು ಓದಿದಳು, ಕರುಣೆಯ ಬಗ್ಗೆ, ಇಳಿದ ಸುತ್ತಿಗೆಯ ಬಗ್ಗೆ. ಹಿಂಸೆಯ ಎದುರು ಒಬ್ಬ ಹೆಣ್ಣುಮಗಳು ತೆಗೆದುಕೊಂಡ ತೀರ್ಮಾನ ಎಂದಳು. ಜನ ತಲೆದೂಗಿದರು. ಮಾರ್ಲಾ ಲೆಕ್ಕ ಹಾಕಿದಳು. ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ಒಂದು ವಾಕ್ಯದಲ್ಲಿ ಕೆಡವಬೇಕು. ಕೆಡವಿದರೆ ಇವರು ಮತ್ತೆ ನಗುತ್ತಾರೆ. ಸುಮ್ಮನೆ ಹೌದು ಎಂದುಬಿಟ್ಟರೆ ಚಪ್ಪಾಳೆ ಬೀಳುತ್ತದೆ, ಮನೆಗೆ ಹೋಗಬಹುದು.

“ಹೇಳಿ,” ಎಂದಳು ಇಮಾನಿ. “ಅವನಿಗೆ ಯಾಕೆ ನೀರು ಕೊಟ್ರಿ?”

“ಅವನು ಬೀಳ್ತಾ ಇದ್ದ,” ಎಂದಳು ಮಾರ್ಲಾ.

“ತಗಡುತಲೆ. ಅಂದ್ರೆ, ಒಳಗಿನಿಂದ ಕುಸೀತಾ ಇದ್ದ—”

“ಇಲ್ಲ, ಮಗು. ವರ್ನ್. ವರ್ನ್ ಟ್ಯಾಕೆಟ್ ಅಂತ. ಬಕೆಟ್ ಒಳಗೆ ಇದ್ದವನು. ಸೆಕೆಗೆ ಅವನಿಗೆ ತಲೆ ತಿರುಗ್ತಾ ಇತ್ತು. ಹಿಂದೆ ಪಾಕ ಕುದೀತಿತ್ತು. ಅವನು ಬಿದ್ದುಬಿಡ್ತಾನೆ ಅಂತ ನನಗೆ ಗಾಬರಿ ಆಯ್ತು, ಕೇಳಿದೆ. ನಾನು ಸಿನಿಮಾದಲ್ಲಿ ಇದೀನಿ ಅನ್ನೋದೇ ಮರೆತುಹೋಯ್ತು. ಯಾರಿಗೂ ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಇವತ್ತು ಹೇಳು ಅಂದ.”

ಇಮಾನಿ ಕೈಯಲ್ಲಿದ್ದ ಹಾಳೆಗಳನ್ನು ನೋಡಿಕೊಂಡಳು. ಮೂರನೆಯ ಸಾಲಿನಲ್ಲಿ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ಯುವಕ ಎದ್ದು ನಿಂತ. “ಹಾಗಾದ್ರೆ ಅದಕ್ಕೆ ಅರ್ಥಾನೇ ಇಲ್ವಾ? ಅದು ನಟನೆ ಕೂಡ ಅಲ್ವಾ?” ಎಂದು ಕೇಳಿದ. ಅವನ ದನಿಯಲ್ಲಿ ನೋವಿತ್ತು.

ಮಾರ್ಲಾ ಕುರ್ಚಿಯ ಅಂಚು ಹಿಡಿದಳು.

“ನಾನು ಹೇಳಲಿಲ್ವಾ!” ಎಂದು ಕೊನೆಯ ಸಾಲಿನಿಂದ ಲೆನ್ ಬ್ರುಬೇಕರ್ ಗುಡುಗಿದ. ಎದ್ದು ನಿಂತಿದ್ದ, ಕೈಯಲ್ಲಿ ತುಂಬಿದ ಕಪ್ಪು. “ಮೂವತ್ತು ವರ್ಷದಿಂದ ಬಡ್ಕೊಳ್ತಾ ಇದೀನಿ, ಈ ಹೆಂಗಸಿಗೆ ನಟನೆ ಬರಲ್ಲ ಅಂತ! ಯಾರಾದ್ರೂ ಕೇಳಿದ್ರಾ?”

ಜನ ಹಿಂದಕ್ಕೆ ತಿರುಗಿ ಅವನನ್ನು ನೋಡಿದರು. ಆಮೇಲೆ ಸಭೆ ನಕ್ಕಿತು. ಟಾಕೀಸಿನಲ್ಲಿ ನಕ್ಕಷ್ಟೇ ಜೋರಾಗಿ, ನಾಟಕದಲ್ಲಿ ನಕ್ಕದ್ದಕ್ಕಿಂತ ಜೋರಾಗಿ. ಮಾರ್ಲಾ ಇಷ್ಟು ವರ್ಷ ತಪ್ಪಿಸಿಕೊಂಡು ಓಡಾಡಿದ್ದ ನಗು ನಾಲ್ಕೂ ಗೋಡೆಯಿಂದ ಬಂದು ಅವಳ ಮೇಲೆ ಬಿತ್ತು. ಡಾಟ್ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಇಮಾನಿ ಹಾಳೆಗಳಿಂದ ಮುಖ ಮುಚ್ಚಿಕೊಂಡಿದ್ದಳು, ಅವಳ ಭುಜ ಕುಲುಕುತ್ತಿತ್ತು. ಮಾರ್ಲಾ ತನ್ನ ಬಾಯಿಂದಲೂ ಏನೋ ಸದ್ದು ಹೊರಡುವುದನ್ನು ಕೇಳಿದಳು. ಅವಳ ತಾಯಿ ಅವತ್ತು ನಕ್ಕಿದ್ದಂತೆ ಸುತ್ತ ನೋಡಿ ನಕ್ಕದ್ದಲ್ಲ. ತಡೆಯಲಾಗದೆ ಬಂದದ್ದು.

“ಬರಲ್ಲ ಸ್ವಾಮಿ,” ಎಂದಳು ಮೈಕಿಗೆ. “ನಿಜವಾಗ್ಲೂ ಬರಲ್ಲ.”

ಲೆನ್ ವೇದಿಕೆಯ ತನಕ ನಡೆದು ಬಂದು ತುಂಬಿದ ಕಪ್ಪನ್ನು ಅವಳ ಕುರ್ಚಿಯ ಪಕ್ಕ ಇಟ್ಟ. ಹೊಟೇಲಿನ ಬೆಳಕಿನಲ್ಲಿ ಅವನ ಮುಖ ಕೆಂಪಾಗಿತ್ತು.

“ಇದು ನಿಮ್ಮದು. ನೀರಲ್ಲ, ಮೇಪಲ್ ರಸ. ನನ್ನ ಭಾವಮೈದನ ತೋಪಿಂದ ಬೆಳಿಗ್ಗೆ ತಂದಿದ್ದು. ನನಗೆ ಇವತ್ತಿಗೂ ಈ ಸಿನಿಮಾ ಇಷ್ಟ ಇಲ್ಲ, ಮೇಡಂ, ಮೊದಲೇ ಹೇಳಿಬಿಡ್ತೀನಿ. ತಗಡುತಲೆ ಕೊಪ್ಪರಿಗೆಗೆ ಬೀಳ್ಬೇಕಿತ್ತು.”

“ಬಿದ್ದಿದ್ರೆ ವರ್ನ್ ಸತ್ತೇ ಹೋಗ್ತಿದ್ದ.”

ಲೆನ್ ಮೀಸೆ ತೀಡಿಕೊಂಡ. “ಅದು ಸರಿ,” ಎಂದು ಒಪ್ಪಿಕೊಂಡ. “ಆದ್ರೂ.”

ಅವಳು ಕುಡಿದಳು. ತಣ್ಣಗೆ, ಸಿಹಿ ಇದೆಯೋ ಇಲ್ಲವೋ ಎನ್ನುವಷ್ಟು ಸಿಹಿ.

ಆರನೆಯದು ಶುರುವಾಗಲು ಸ್ವಲ್ಪ ಹೊತ್ತಿತ್ತು. ಡಾಟ್ ಕೋಟು ಹಾಕಿಕೊಂಡಳು, ಹಿಮ ಹೆಚ್ಚಾಗುವ ಮೊದಲು ಹೊರಡೋಣ ಎಂದಳು. ಮಾರ್ಲಾ ಕೊನೆಯ ಸಾಲಿನ ಕಡೆ ನೋಡಿದಳು. ಲೆನ್ ಅಲ್ಲಿಗೆ ಮರಳಿ ಕೂತಿದ್ದ, ಅವನ ಪಕ್ಕದ ಕುರ್ಚಿ ಖಾಲಿ ಇತ್ತು.

“ಆರನೇದನ್ನ ನಾನು ನೋಡೇ ಇಲ್ಲ,” ಎಂದಳು.

“ನೋಡ್ಬೇಡಿ,” ಎಂದು ಲೆನ್ ಅಲ್ಲಿಂದಲೇ ಕೂಗಿದ. “ಅದು ನಿಜಕ್ಕೂ ಕೆಟ್ಟದ್ದು.”

“ಕೆಟ್ಟದ್ದಲ್ಲ!” ಎಂದು ನಾಲ್ಕೈದು ದನಿಗಳು ಒಟ್ಟಿಗೆ ಎದ್ದವು. ಮಾರ್ಲಾ ಹೋಗಿ ಆ ಖಾಲಿ ಕುರ್ಚಿಯಲ್ಲಿ ಕುಳಿತಳು. ದೀಪ ಆರುವ ಮುನ್ನ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದಳು, ಹಳೆಯ ಅಭ್ಯಾಸ. ಅವಳ ಹಿಂದೆ ಗೋಡೆ ಮಾತ್ರ ಇತ್ತು.